ಮೂತ್ರಪಿಂಡ ಮತ್ತು ಮೂತ್ರಾಶಯದ ಅರ್ಬುದ: ತಿಳಿಯಬೇಕಾದ ಸಂಗತಿಗಳು

ಮುಂಬಯಿ ಮಹಾನಗರದ ದಕ್ಷಿಣ ತುದಿಯಲ್ಲಿರುವ ಫೋರ್ಟ್ ಪ್ರದೇಶವು ಬ್ಯಾಂಕುಗಳು, ಸರ್ಕಾರಿ ಕಚೇರಿಗಳು, ನ್ಯಾಯಾಲಯ, ಬಂದರು ಹಾಗೂ ವ್ಯಾಪಾರ ಮಳಿಗೆಗಳ ನೆಲೆಯಾಗಿದೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯಿಂದ ಬಂದ ಅನೇಕ ಕನ್ನಡಿಗರು ತಲೆಮಾರುಗಳಿಂದ ಇಲ್ಲಿನ ಹೋಟೆಲು, ಕ್ಯಾಂಟೀನು ಹಾಗೂ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರು ಇವರಲ್ಲಿ ಹಲವರು. ಸಂಸಾರವನ್ನು ಊರಿನಲ್ಲಿ ಬಿಟ್ಟು ನಾಲ್ಕಾರು ಜನ ಒಂದೇ ಕೋಣೆಯಲ್ಲಿ ವಾಸಿಸುವ ದುಡಿಮೆಗಾರನು ತನ್ನ ದೇಹದ ಸಣ್ಣಪುಟ್ಟ ತೊಂದರೆಗಳನ್ನು ಯಾರಲ್ಲಿಯೂ ಹೇಳಿಕೊಳ್ಳುವುದಿಲ್ಲ. 'ರಜೆಯಲ್ಲಿ ಊರಿಗೆ ಹೋದಾಗ ನೋಡೋಣ' ಎಂದು ಮುಂದೂಡುವುದು ವಾಡಿಕೆ. ಹೀಗೆ ಮುಂದೂಡಬಾರದಂತಹ ಒಂದು ಸೂಚನೆಯೆಂದರೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು. ಅದು ಮೂತ್ರಪಿಂಡ ಅಥವಾ ಮೂತ್ರಾಶಯದ ಅರ್ಬುದ, ಅಂದರೆ ಕ್ಯಾನ್ಸರ್ ರೋಗದ ಮೊದಲ ಎಚ್ಚರಿಕೆಯಾಗಿರಬಹುದು. ಈ ರೋಗಗಳ ಸ್ವರೂಪ, ಕಾರಣ, ಲಕ್ಷಣ ಹಾಗೂ ಚಿಕಿತ್ಸೆಗಳನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಅಂಗಗಳ ರಚನೆ ಮತ್ತು ಕಾರ್ಯ

ಬೆನ್ನಿನ ಕೆಳಭಾಗದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕಗಳಲ್ಲಿ, ಹುರುಳಿಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಪ್ರತಿಯೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದವಿದ್ದು, ಅದರೊಳಗೆ ಸರಾಸರಿ 10 ಲಕ್ಷದಷ್ಟು ಸೂಕ್ಷ್ಮ ಶೋಧಕ ಘಟಕಗಳಿರುತ್ತವೆ. ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವು ರಕ್ತದಿಂದ ಈ ಶೋಧಕಗಳ ಮೂಲಕ ಸೋಸಿಹೋಗುತ್ತದೆ. ಅದರ ಬಹುಭಾಗವನ್ನು ಶರೀರವು ಮರಳಿ ಹೀರಿಕೊಂಡು, ಬೇಡವಾದ ವಸ್ತುಗಳನ್ನೊಳಗೊಂಡ ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರದ ರೂಪದಲ್ಲಿ ಹೊರಹಾಕುತ್ತದೆ. ಮೂತ್ರಪಿಂಡಗಳಿಂದ ಹೊರಟ ಮೂತ್ರವು ಎರಡು ಸಣ್ಣ ನಾಳಗಳ ಮೂಲಕ ಹೊಟ್ಟೆಯ ಕೆಳಭಾಗದಲ್ಲಿರುವ ಮೂತ್ರಾಶಯವೆಂಬ ಚೀಲಕ್ಕೆ ಇಳಿದು, ವಿಸರ್ಜನೆಯಾಗುವವರೆಗೆ ಅಲ್ಲಿ ಸಂಗ್ರಹವಾಗಿರುತ್ತದೆ.

ಶರೀರವು ಹೊರಹಾಕಲು ಯತ್ನಿಸುವ ವಿಷವಸ್ತುಗಳು ಮೂತ್ರದಲ್ಲಿ ಕರಗಿ ಬಂದು, ಗಂಟೆಗಟ್ಟಲೆ ಮೂತ್ರಾಶಯದ ಒಳಪೊರೆಯನ್ನು ತಾಕಿಕೊಂಡಿರುತ್ತವೆ ಎಂಬ ಅಂಶವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಭಾಗದ ಅರ್ಬುದಕ್ಕೂ ತಂಬಾಕು ಮತ್ತು ರಾಸಾಯನಿಕಗಳಿಗೂ ಇರುವ ಸಂಬಂಧವು ಇದರಿಂದಲೇ ಅರ್ಥವಾಗುತ್ತದೆ.

ರೋಗದ ವಿಧಗಳು

ಶರೀರದ ಜೀವಕೋಶಗಳು ಹತೋಟಿ ತಪ್ಪಿ ವೃದ್ಧಿಯಾಗುತ್ತಾ, ಸುತ್ತಲಿನ ಅಂಗಾಂಶಗಳನ್ನು ಆಕ್ರಮಿಸಿ, ರಕ್ತ ಮತ್ತು ದುಗ್ಧರಸದ ಮೂಲಕ ದೂರದ ಅಂಗಗಳಿಗೂ ಹಬ್ಬುವ ಸ್ಥಿತಿಯೇ ಅರ್ಬುದ ರೋಗ. ಮೂತ್ರಾಶಯದ ಅರ್ಬುದಗಳಲ್ಲಿ ಬಹುಪಾಲು ಅದರ ಒಳಪೊರೆಯಲ್ಲಿ ಹುಟ್ಟುತ್ತವೆ. ಇವುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಭಾಗ ಮೊದಲು ಪತ್ತೆಯಾಗುವಾಗ ಒಳಪೊರೆಯ ಮಟ್ಟದಲ್ಲಿಯೇ ಇದ್ದು, ಚೀಲದ ಸ್ನಾಯುವಿನೊಳಕ್ಕೆ ಇಳಿದಿರುವುದಿಲ್ಲ. ಸ್ನಾಯುವಿನೊಳಕ್ಕೆ ಇಳಿದ ಅರ್ಬುದವು ಹೆಚ್ಚು ಅಪಾಯಕಾರಿ. ಅದರ ಚಿಕಿತ್ಸೆಯೂ ಬೇರೆ.

ವಯಸ್ಕರ ಮೂತ್ರಪಿಂಡದಲ್ಲಿ ಕಾಣಿಸಿಕೊಳ್ಳುವ ಅರ್ಬುದಗಳಲ್ಲಿ ಹೆಚ್ಚಿನವು ಶೋಧಕ ನಾಳಗಳ ಜೀವಕೋಶಗಳಿಂದ ಹುಟ್ಟಿದವು. ಐದು ವರ್ಷದೊಳಗಿನ ಮಕ್ಕಳಲ್ಲಿ ವಿಲ್ಮ್ಸ್ ಗಡ್ಡೆ ಎಂಬ ಬೇರೊಂದು ಬಗೆಯು ಕಂಡುಬರುತ್ತದೆ. ಮಗುವಿಗೆ ಸ್ನಾನ ಮಾಡಿಸುವಾಗ ಅಥವಾ ಬಟ್ಟೆ ತೊಡಿಸುವಾಗ ಹೊಟ್ಟೆಯ ಒಂದು ಪಕ್ಕದಲ್ಲಿ ಗಟ್ಟಿಯಾದ ಉಬ್ಬು ತಾಯಿಯ ಕೈಗೆ ಸಿಕ್ಕಿ ಈ ರೋಗವು ಪತ್ತೆಯಾಗುವುದುಂಟು. ಅಂತಹ ಉಬ್ಬನ್ನು ಒತ್ತಿ ಅಥವಾ ತಿಕ್ಕಿ ನೋಡದೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆ ಮತ್ತು ಔಷಧ ಚಿಕಿತ್ಸೆಗಳ ಸಂಯೋಗದಿಂದ ಈ ರೋಗದ ಬಹುಪಾಲು ಮಕ್ಕಳನ್ನು ಗುಣಪಡಿಸಲು ಇಂದು ಸಾಧ್ಯವಾಗಿದೆ.

ಕಾರಣಗಳು

ಮೂತ್ರಾಶಯದ ಅರ್ಬುದಕ್ಕೆ ಅತಿ ಮುಖ್ಯವಾದ ಕಾರಣ ಧೂಮಪಾನ. ಸುಮಾರು ಅರ್ಧದಷ್ಟು ರೋಗಕ್ಕೆ ಅದೇ ಮೂಲವೆಂದು ಅಂದಾಜಿಸಲಾಗಿದೆ. ಹೊಗೆಯಲ್ಲಿರುವ ಅರ್ಬುದಕಾರಕ ವಸ್ತುಗಳು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಸೇರಿ ಮೂತ್ರಾಶಯವನ್ನು ತಲುಪುತ್ತವೆ. ಸಿಗರೇಟು ಅಪಾಯಕಾರಿ, ಬೀಡಿಯಿಂದ ಅಷ್ಟೇನೂ ತೊಂದರೆಯಿಲ್ಲ ಎಂಬ ಭಾವನೆಯು ತಪ್ಪು. ಬೀಡಿಯ ಹೊಗೆಯಲ್ಲಿಯೂ ಅರ್ಬುದಕಾರಕ ವಸ್ತುಗಳಿವೆ. ಮೂತ್ರಪಿಂಡದ ಅರ್ಬುದಕ್ಕೂ ಧೂಮಪಾನವು ಕಾರಣವಾಗಬಲ್ಲದು. ಇದರೊಂದಿಗೆ ಅತಿಯಾದ ಬೊಜ್ಜು ಹಾಗೂ ರಕ್ತದ ಏರೊತ್ತಡಗಳೂ ಮೂತ್ರಪಿಂಡದ ಅರ್ಬುದದ ಸಂಭವವನ್ನು ಹೆಚ್ಚಿಸುತ್ತವೆ. ಕೆಲವು ಕುಟುಂಬಗಳಲ್ಲಿ ಈ ರೋಗವು ಅನುವಂಶಿಕವಾಗಿ ಬರುವುದೂ ಉಂಟು.

ಎರಡನೆಯ ಕಾರಣ ವೃತ್ತಿಗೆ ಸಂಬಂಧಿಸಿದ್ದು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶಸ್ತ್ರವೈದ್ಯ ಲುಡ್ವಿಗ್ ರೆನ್ 1895ರಲ್ಲಿ, ಬಣ್ಣ ತಯಾರಿಕಾ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಾಶಯದ ಗಡ್ಡೆಗಳನ್ನು ಗುರುತಿಸಿ ವೈದ್ಯಲೋಕದ ಗಮನಕ್ಕೆ ತಂದನು. ಬೆಂಜಿಡೀನ್ ಮತ್ತು ಬೀಟಾ ನ್ಯಾಫ್ತೈಲಮೀನ್ ಎಂಬ ರಾಸಾಯನಿಕಗಳು ಇದಕ್ಕೆ ಕಾರಣವೆಂಬುದು ಅನಂತರ ಸಿದ್ಧವಾಯಿತು. ಬಟ್ಟೆ ಗಿರಣಿಗಳಿಗೂ ಬಣ್ಣದ ವ್ಯಾಪಾರಕ್ಕೂ ಹೆಸರಾಗಿದ್ದ ಮುಂಬಯಿಯ ಓದುಗರಿಗೆ ಈ ಸಂಗತಿಯು ದೂರದ್ದೇನಲ್ಲ. ಬೆಂಜಿಡೀನ್ ಮೂಲದ ಬಣ್ಣಗಳ ಮೇಲೆ ನಮ್ಮ ದೇಶದಲ್ಲಿ 1990ರ ದಶಕದಲ್ಲಿ ನಿಷೇಧ ವಿಧಿಸಲಾಯಿತಾದರೂ, ಇಂತಹ ವಸ್ತುಗಳ ಸಂಪರ್ಕಕ್ಕೂ ರೋಗ ಕಾಣಿಸಿಕೊಳ್ಳುವುದಕ್ಕೂ ನಡುವೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆಯಬಹುದು. ಆದಕಾರಣ ಬಣ್ಣ, ರಬ್ಬರು ಮುಂತಾದ ಕೈಗಾರಿಕೆಗಳಲ್ಲಿ ದುಡಿದು ನಿವೃತ್ತರಾದವರು ತಮ್ಮ ಹಿಂದಿನ ಕೆಲಸದ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮೂತ್ರಾಶಯದಲ್ಲಿ ಬಹುಕಾಲ ಉಳಿದ ಕಲ್ಲು, ದೀರ್ಘಕಾಲದ ಸೋಂಕು, ಕುಡಿಯುವ ನೀರಿನಲ್ಲಿ ಹೆಚ್ಚಿನ ಪ್ರಮಾಣದ ಆರ್ಸೆನಿಕ್ ಇವೂ ರೋಗಕ್ಕೆ ಎಡೆಮಾಡಿಕೊಡಬಲ್ಲವು. ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಕ್ಕೆ ಹಾನಿಯುಂಟುಮಾಡಿ, ಮೂತ್ರನಾಳಗಳ ಅರ್ಬುದಕ್ಕೆ ಕಾರಣವಾಗುತ್ತದೆಂದು ಸಿದ್ಧವಾಗಿದೆ. ಗಿಡಮೂಲಿಕೆಯೆಂಬ ಒಂದೇ ಕಾರಣದಿಂದ ಯಾವುದೇ ಬೇರು ನಾರನ್ನು ನಿರಪಾಯಕಾರಿಯೆಂದು ಭಾವಿಸಬಾರದು.

ಈ ಎರಡೂ ರೋಗಗಳು ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು. ವಯಸ್ಸು ಹೆಚ್ಚಿದಂತೆ ರೋಗದ ಸಂಭವವೂ ಹೆಚ್ಚುತ್ತದೆ. ಆದರೆ ಈ ರೋಗಗಳು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ರೋಗಿಯೊಡನೆ ಕುಳಿತು ಉಣ್ಣುವುದರಿಂದಾಗಲಿ, ಒಂದೇ ಶೌಚಾಲಯವನ್ನು ಬಳಸುವುದರಿಂದಾಗಲಿ ಅರ್ಬುದವು ಹರಡುವುದಿಲ್ಲ.

ಲಕ್ಷಣಗಳು: ನೋವಿಲ್ಲದ ರಕ್ತಸ್ರಾವ

ಮೂತ್ರಾಶಯದ ಅರ್ಬುದದ ಪ್ರಮುಖ ಲಕ್ಷಣವೆಂದರೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು. ಮೂತ್ರವು ತಿಳಿಗೆಂಪು, ಕಡುಗೆಂಪು ಅಥವಾ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಬಹುದು. ಕೆಲವೊಮ್ಮೆ ಹೆಪ್ಪುಗಟ್ಟಿದ ರಕ್ತದ ತುಣುಕುಗಳು ಬರಬಹುದು. ಒಂದೆರಡು ದಿನ ಹೀಗಾಗಿ ರಕ್ತಸ್ರಾವವು ತಾನಾಗಿಯೇ ನಿಂತುಹೋಗುವುದು ಈ ರೋಗದ ಒಂದು ವೈಶಿಷ್ಟ್ಯ. ಜನರು ಮೋಸಹೋಗುವುದೂ ಇಲ್ಲಿಯೇ.

ಮೂತ್ರವು ಕೆಂಪಾದರೆ 'ಉಷ್ಣವಾಗಿದೆ' ಎಂದು ಹೇಳುವುದು ನಮ್ಮಲ್ಲಿ ರೂಢಿ. ಹೋಟೆಲಿನ ಒಲೆಯ ಮುಂದೆ ದಿನವಿಡೀ ನಿಲ್ಲುವವರಿಗೂ, ಬಿಸಿಲಿನಲ್ಲಿ ಅಲೆದಾಡುವವರಿಗೂ ಈ ವಿವರಣೆಯು ಸಹಜವೆಂದು ತೋರುತ್ತದೆ. ಎಳನೀರನ್ನೋ ಬಾರ್ಲಿ ನೀರನ್ನೋ ಎರಡು ದಿನ ಕುಡಿಯುತ್ತಾರೆ, ರಕ್ತವು ನಿಲ್ಲುತ್ತದೆ, ಎಳನೀರಿನಿಂದ ಗುಣವಾಯಿತೆಂದು ನೆಮ್ಮದಿಪಡುತ್ತಾರೆ. ವಾಸ್ತವದಲ್ಲಿ ರಕ್ತಸ್ರಾವವು ನಿಂತಿರುತ್ತದೆಯೇ ಹೊರತು ರೋಗವು ನಿಂತಿರುವುದಿಲ್ಲ. ಕೆಲವು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ರಕ್ತ ಕಾಣಿಸಿಕೊಳ್ಳುವ ವೇಳೆಗೆ, ಒಳಪೊರೆಯಲ್ಲಿದ್ದ ಗಡ್ಡೆಯು ಸ್ನಾಯುವಿನೊಳಕ್ಕೆ ಇಳಿದಿರಬಹುದು. ಆದ್ದರಿಂದ ಒಮ್ಮೆ ಕಂಡು ಮಾಯವಾದ ರಕ್ತವನ್ನೂ, ನೋವು ಇರಲಿ ಇಲ್ಲದಿರಲಿ, ವೈದ್ಯರಿಗೆ ತಿಳಿಸಲೇಬೇಕು.

ಮೂತ್ರದಲ್ಲಿ ರಕ್ತ ಕಂಡ ಮಾತ್ರಕ್ಕೆ ಅದು ಅರ್ಬುದವೇ ಎಂದು ಗಾಬರಿಪಡಬೇಕಾಗಿಲ್ಲ. ಸೋಂಕು, ಕಲ್ಲು, ಪ್ರಾಸ್ಟೇಟ್ ಗ್ರಂಥಿಯ ಊತ ಮುಂತಾದವುಗಳಿಂದಲೂ ರಕ್ತ ಬರಬಹುದು. ಬೀಟ್‌ರೂಟ್ ತಿಂದವರಲ್ಲಿ ಹಾಗೂ ಕ್ಷಯರೋಗಕ್ಕೆ ರಿಫಾಂಪಿಸಿನ್ ಸೇವಿಸುವವರಲ್ಲಿ ರಕ್ತವಿಲ್ಲದೆಯೇ ಮೂತ್ರದ ಬಣ್ಣ ಬದಲಾಗುವುದುಂಟು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಪರೀಕ್ಷೆಯಿಂದ ಮಾತ್ರ ನಿರ್ಣಯಿಸಬಹುದು. ಸ್ತ್ರೀಯರಲ್ಲಿ ಈ ರಕ್ತವನ್ನು ಮುಟ್ಟಿನ ರಕ್ತವೆಂದೋ ಉರಿಮೂತ್ರದ ಪರಿಣಾಮವೆಂದೋ ತಿಳಿದು ಪದೇ ಪದೇ ಸೋಂಕಿನ ಮಾತ್ರೆಗಳನ್ನು ನುಂಗುವುದರಿಂದ ರೋಗನಿರ್ಣಯವು ತಡವಾಗುತ್ತದೆ. ಮುಟ್ಟು ನಿಂತ ಸ್ತ್ರೀಯರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಉರಿ, ಅವಸರ ಇವು ಮೂತ್ರಾಶಯದ ಅರ್ಬುದದ ಇತರ ಲಕ್ಷಣಗಳು.

ಮೂತ್ರಪಿಂಡದ ಅರ್ಬುದವು ಬಹುಕಾಲ ಯಾವ ಸೂಚನೆಯನ್ನೂ ಕೊಡದೆ ಬೆಳೆಯಬಲ್ಲದು. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಡ್ಡೆ ಈ ಮೂರೂ ಒಟ್ಟಿಗೆ ಕಂಡುಬರುವುದು ಕೆಲವರಲ್ಲಿ ಮಾತ್ರ. ಆ ವೇಳೆಗೆ ರೋಗವು ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ರಕ್ತಹೀನತೆ ಇವೂ ಕಾಣಿಸಿಕೊಳ್ಳಬಹುದು. ಬೇರಾವುದೋ ಕಾರಣಕ್ಕಾಗಿ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡದ ಸಣ್ಣ ಗಡ್ಡೆಯು ಆಕಸ್ಮಿಕವಾಗಿ ಪತ್ತೆಯಾಗುವುದು ಈಚೆಗೆ ಸಾಮಾನ್ಯವಾಗಿದೆ.

ಪರೀಕ್ಷೆಗಳು

ಮೊದಲಿಗೆ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿರುವ ರಕ್ತಕಣಗಳನ್ನೂ ಅಸಹಜ ಜೀವಕೋಶಗಳನ್ನೂ ಗುರುತಿಸಲಾಗುತ್ತದೆ. ಶಬ್ದಾತೀತ ತರಂಗಗಳ ಸೋನೋಗ್ರಫಿ ಮತ್ತು ಸಿ.ಟಿ. ಸ್ಕ್ಯಾನ್‌ಗಳಿಂದ ಗಡ್ಡೆಯ ಸ್ಥಾನ ಹಾಗೂ ಗಾತ್ರವು ತಿಳಿದುಬರುತ್ತದೆ. ಮೂತ್ರಾಶಯವನ್ನು ಒಳಗಿನಿಂದ ನೋಡಲು ಸಿಸ್ಟೋಸ್ಕೋಪ್ ಎಂಬ ದೀಪವುಳ್ಳ ತೆಳು ನಳಿಕೆಯನ್ನು ಮೂತ್ರದ್ವಾರದ ಮೂಲಕ ಸೇರಿಸಲಾಗುತ್ತದೆ. ಸ್ಥಳೀಯ ಅರಿವಳಿಕೆಯಿಂದಲೇ ಈ ಪರೀಕ್ಷೆಯನ್ನು ನಡೆಸಬಹುದು. ಸೋನೋಗ್ರಫಿಯಲ್ಲಿ ಏನೂ ಕಾಣದಿದ್ದರೂ ವೈದ್ಯರು ಸಿಸ್ಟೋಸ್ಕೋಪಿಯನ್ನು ಸೂಚಿಸಿದರೆ ನಿರಾಕರಿಸಬಾರದು. ಸಣ್ಣ ಗಡ್ಡೆಗಳು ಸೋನೋಗ್ರಫಿಯಲ್ಲಿ ಗೋಚರಿಸದೆ ಹೋಗಬಹುದು.

ಮೂತ್ರಾಶಯದ ಅರ್ಬುದಕ್ಕೆ ಚಿಕಿತ್ಸೆ

ಒಳಪೊರೆಯ ಮಟ್ಟದಲ್ಲಿರುವ ಗಡ್ಡೆಯನ್ನು ಹೊಟ್ಟೆಯನ್ನು ಕೊಯ್ಯದೆ, ಮೂತ್ರದ್ವಾರದ ಮೂಲಕವೇ ಉಪಕರಣವನ್ನು ಸೇರಿಸಿ ಕೆರೆದು ತೆಗೆಯಲಾಗುತ್ತದೆ. ಹೀಗೆ ತೆಗೆದ ತುಣುಕುಗಳನ್ನು ಪರೀಕ್ಷಿಸಿ, ರೋಗವು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ನಿರ್ಧರಿಸಲಾಗುತ್ತದೆ. ರೋಗವು ಮರುಕಳಿಸುವ ಸಂಭವವಿರುವವರಿಗೆ ಮೂತ್ರಾಶಯದೊಳಕ್ಕೆ ಔಷಧವನ್ನು ಹಾಕಲಾಗುತ್ತದೆ. ಅವುಗಳಲ್ಲಿ ಮುಖ್ಯವಾದುದು ಮಕ್ಕಳಿಗೆ ಕ್ಷಯರೋಗ ಬಾರದಂತೆ ಹಾಕುವ ಬಿ.ಸಿ.ಜಿ.! ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು ರೂಪಿಸಿದ ಈ ಲಸಿಕೆಯನ್ನು 1921ರಲ್ಲಿ ಮೊದಲ ಬಾರಿಗೆ ಮಗುವಿಗೆ ನೀಡಲಾಯಿತು. ಮೂತ್ರಾಶಯದ ಅರ್ಬುದಕ್ಕೆ ಅದರಿಂದಾಗುವ ಪ್ರಯೋಜನವನ್ನು ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಆರು ವಾರ, ಅನಂತರ ವೈದ್ಯರು ಸೂಚಿಸಿದ ಅಂತರದಲ್ಲಿ ಇದನ್ನು ಮುಂದುವರಿಸಲಾಗುತ್ತದೆ.

ಬಿ.ಸಿ.ಜಿ.ಯಲ್ಲಿ ಜೀವಂತ ರೋಗಾಣುಗಳು ದುರ್ಬಲ ರೂಪದಲ್ಲಿರುವುದರಿಂದ ಒಂದು ಎಚ್ಚರಿಕೆ ಅಗತ್ಯ. ಔಷಧ ಹಾಕಿಸಿಕೊಂಡ ಬಳಿಕ ಆರು ಗಂಟೆಗಳ ಕಾಲ ರೋಗಿಯು ಕುಳಿತೇ ಮೂತ್ರ ವಿಸರ್ಜಿಸಿ, ಪ್ರತಿ ಸಲವೂ ಶೌಚಪಾತ್ರೆಗೆ ಬ್ಲೀಚಿಂಗ್ ದ್ರಾವಣವನ್ನು ಸುರಿದು, ಹದಿನೈದು ನಿಮಿಷಗಳ ನಂತರ ನೀರು ಹಾಕಬೇಕು. ಹಲವು ಮನೆಗಳಿಗೆ ಒಂದೇ ಶೌಚಾಲಯವಿರುವ ಚಾಳುಗಳಲ್ಲಿ ವಾಸಿಸುವವರು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಚಿಕಿತ್ಸೆಯ ನಂತರ ಬಿಡದ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರಾಶಯದ ಅರ್ಬುದವು ಮರುಕಳಿಸುವ ಸ್ವಭಾವದ್ದು. ಗಡ್ಡೆಯನ್ನು ತೆಗೆದಾಯಿತೆಂದು ಸುಮ್ಮನಾಗದೆ, ಮೊದಮೊದಲು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಮುಂದೆ ವೈದ್ಯರ ಸಲಹೆಯಂತೆ ವರ್ಷಗಳ ಕಾಲ ಸಿಸ್ಟೋಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕು. ಊರಿಗೆ ಮರಳಿದವರು ಎಲ್ಲ ದಾಖಲೆಗಳನ್ನೂ ಜೊತೆಗೆ ಒಯ್ದು, ಹತ್ತಿರದ ಮೂತ್ರರೋಗ ತಜ್ಞರಲ್ಲಿ ಪರೀಕ್ಷೆಯನ್ನು ಮುಂದುವರಿಸಬೇಕು.

ರೋಗವು ಸ್ನಾಯುವಿನೊಳಕ್ಕೆ ಇಳಿದಿದ್ದರೆ, ಶಕ್ತರಾದ ರೋಗಿಗಳಿಗೆ ಮೊದಲು ಔಷಧ ಚಿಕಿತ್ಸೆ ನೀಡಿ ಅನಂತರ ಮೂತ್ರಾಶಯವನ್ನು ತೆಗೆದುಹಾಕಲಾಗುತ್ತದೆ. ಆಯ್ದ ಕೆಲವರಲ್ಲಿ ವಿಕಿರಣ ಮತ್ತು ಔಷಧ ಚಿಕಿತ್ಸೆಗಳನ್ನು ಒಟ್ಟಿಗೆ ನೀಡಿ ಮೂತ್ರಾಶಯವನ್ನು ಉಳಿಸಿಕೊಳ್ಳಲು ಸಾಧ್ಯ. ಮೂತ್ರಾಶಯವನ್ನು ತೆಗೆದವರಿಗೆ ಸಣ್ಣ ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಸ ದಾರಿಯನ್ನು ಕಲ್ಪಿಸಲಾಗುತ್ತದೆ. ಹೊಟ್ಟೆಯ ಮೇಲಿನ ರಂಧ್ರಕ್ಕೆ ಅಂಟಿಸಿದ ಚೀಲದಲ್ಲಿ ಮೂತ್ರವು ಸಂಗ್ರಹವಾಗುವುದು ಒಂದು ವಿಧಾನ. ಕರುಳಿನಿಂದಲೇ ಹೊಸ ಮೂತ್ರಾಶಯವನ್ನು ನಿರ್ಮಿಸುವುದು ಇನ್ನೊಂದು. ಚೀಲವನ್ನು ಧರಿಸಿದವರೂ ಬಟ್ಟೆಯೊಳಗೆ ಯಾರಿಗೂ ತಿಳಿಯದಂತೆ ಅದನ್ನಿಟ್ಟುಕೊಂಡು, ಸ್ನಾನ, ಪೂಜೆ, ಪ್ರಯಾಣ, ಉದ್ಯೋಗಗಳನ್ನು ಎಂದಿನಂತೆ ನಡೆಸಬಹುದು. ಚೀಲದ ಭಯದಿಂದ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದು ವಿವೇಕವಲ್ಲ.

ಮೂತ್ರಪಿಂಡದ ಅರ್ಬುದಕ್ಕೆ ಚಿಕಿತ್ಸೆ

ಸಣ್ಣ ಗಡ್ಡೆಯಾಗಿದ್ದರೆ ಅದನ್ನಷ್ಟೇ ತೆಗೆದು ಉಳಿದ ಮೂತ್ರಪಿಂಡವನ್ನು ಕಾಪಾಡಿಕೊಳ್ಳಲಾಗುತ್ತದೆ. ದೊಡ್ಡದಾಗಿದ್ದರೆ ಆ ಮೂತ್ರಪಿಂಡವನ್ನೇ ತೆಗೆಯಬೇಕಾಗಬಹುದು. ಇನ್ನೊಂದು ಮೂತ್ರಪಿಂಡವು ಆರೋಗ್ಯವಾಗಿದ್ದರೆ ಅದೊಂದರಿಂದಲೇ ಮನುಷ್ಯನು ಸಹಜ ಜೀವನ ನಡೆಸಬಲ್ಲನು. ರೋಗವು ಮೂತ್ರಪಿಂಡದಲ್ಲಿಯೇ ಸೀಮಿತವಾಗಿರುವಾಗ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶ ಹೆಚ್ಚು. ಬೇರೆ ಅಂಗಗಳಿಗೆ ಹಬ್ಬಿದ ಮೂತ್ರಪಿಂಡದ ಅರ್ಬುದವು ಸಾಮಾನ್ಯ ಕಿಮೋಥೆರಪಿಗೆ ಹೆಚ್ಚಾಗಿ ಬಗ್ಗುವುದಿಲ್ಲ. 2005ರಿಂದೀಚೆಗೆ ಬಂದ ಸೊರಾಫೆನಿಬ್, ಸುನಿಟಿನಿಬ್ ಮುಂತಾದ ಮಾತ್ರೆಗಳೂ, ಅನಂತರ ಬಂದ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಚುಚ್ಚುಮದ್ದುಗಳೂ ಇಂತಹ ರೋಗಿಗಳ ಆಯುಷ್ಯವನ್ನು ವೃದ್ಧಿಸಿವೆ.

ಔಷಧದ ಬೆಲೆಯೂ ಫೋರ್ಟಿನ ನ್ಯಾಯಾಲಯವೂ

ಔಷಧವಿದ್ದರೂ ಅದನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೆ ರೋಗಿಗೆ ಪ್ರಯೋಜನವೇನು? ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ನೀಡಿದ ಉತ್ತರವು ಮೂತ್ರಪಿಂಡದ ಅರ್ಬುದದೊಂದಿಗೂ ಮುಂಬಯಿಯೊಂದಿಗೂ ಸಂಬಂಧ ಹೊಂದಿದೆ. ಮುಂದುವರಿದ ಮೂತ್ರಪಿಂಡ ಹಾಗೂ ಯಕೃತ್ತಿನ ಅರ್ಬುದಗಳಿಗೆ ನೀಡಲಾಗುತ್ತಿದ್ದ ಸೊರಾಫೆನಿಬ್ ಔಷಧಕ್ಕೆ ಜರ್ಮನಿಯ ಬೇಯರ್ ಸಂಸ್ಥೆಯು 2008ರಲ್ಲಿ ಭಾರತದಲ್ಲಿ ಪೇಟೆಂಟ್ ಪಡೆದಿತ್ತು. ಒಂದು ತಿಂಗಳ ಮಾತ್ರೆಗಳ ಬೆಲೆ ಸುಮಾರು 2,80,000 ರೂಪಾಯಿ. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಸಂಸ್ಥೆಯು ಅದೇ ಔಷಧವನ್ನು 8,800 ರೂಪಾಯಿಗೆ ಒದಗಿಸುವುದಾಗಿ ಹೇಳಿ, ಪೇಟೆಂಟ್ ಕಾಯಿದೆಯ 84ನೆಯ ಪ್ರಕರಣದ ಮೇರೆಗೆ ಅನುಮತಿಯನ್ನು ಕೋರಿತು. ಮುಂಬಯಿಯಲ್ಲಿ ಪೇಟೆಂಟ್ ನಿಯಂತ್ರಕರು 2012ರ ಮಾರ್ಚ್ 9ರಂದು ಆ ಅನುಮತಿಯನ್ನು ನೀಡಿದರು. ಇದು ಭಾರತದ ಮೊದಲ ಕಡ್ಡಾಯ ಪರವಾನಗಿ. ಔಷಧವು ಜನರ ಅಗತ್ಯವನ್ನು ಪೂರೈಸುವಷ್ಟು ದೊರೆಯುತ್ತಿಲ್ಲ, ಬೆಲೆಯು ಕೈಗೆಟುಕುವಂತಿಲ್ಲ, ದೇಶದೊಳಗೆ ಆವಿಷ್ಕಾರವನ್ನು ಕಾರ್ಯಗತಗೊಳಿಸಿಲ್ಲ ಎಂಬ ಮೂರು ಆಧಾರಗಳನ್ನು ಆ ಆದೇಶದಲ್ಲಿ ನೀಡಲಾಗಿತ್ತು.

ಬೇಯರ್ ಸಂಸ್ಥೆಯ ಮೇಲ್ಮನವಿಯನ್ನು 2013ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು ತಳ್ಳಿಹಾಕಿ, ಪೇಟೆಂಟ್‌ದಾರರಿಗೆ ಸಲ್ಲಬೇಕಾದ ರಾಜಧನವನ್ನು ಮಾತ್ರ ಶೇಕಡಾ 6ರಿಂದ 7ಕ್ಕೆ ಏರಿಸಿತು. ವಿವಾದವು ಅನಂತರ ಫೋರ್ಟಿನಲ್ಲಿರುವ ಬಾಂಬೆ ಹೈಕೋರ್ಟಿಗೆ ಬಂದಿತು. 2014ರ ಜುಲೈ 15ರಂದು ಹೈಕೋರ್ಟು ಪರವಾನಗಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಮೂತ್ರಪಿಂಡದ ಅರ್ಬುದಕ್ಕೆ ಇಂದು ಇದಕ್ಕಿಂತ ಹೆಚ್ಚು ಪರಿಣಾಮಕಾರಿಯಾದ ಔಷಧಗಳು ಬಂದಿವೆ, ಅವುಗಳಲ್ಲಿ ಕೆಲವು ಈಗಲೂ ದುಬಾರಿಯಾಗಿವೆ. ಆದರೂ ರೋಗಿಗೆ ಎಟುಕುವ ಬೆಲೆಯೂ ಕಾನೂನಿನ ಗಣನೆಗೆ ಬರಬೇಕಾದ ವಿಷಯವೆಂಬುದನ್ನು ಈ ಪ್ರಕರಣವು ಸ್ಥಾಪಿಸಿತು.

ಎಲ್ಲಿಗೆ ಹೋಗಬೇಕು?

ಫೋರ್ಟ್ ಪರಿಸರದಲ್ಲಿ ದುಡಿಯುವವರು ಮೊದಲ ತಪಾಸಣೆಗಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸಮೀಪದ ಸೇಂಟ್ ಜಾರ್ಜ್ ಆಸ್ಪತ್ರೆ ಅಥವಾ ಗೋಕುಲದಾಸ್ ತೇಜಪಾಲ್ ಆಸ್ಪತ್ರೆಗೆ ಹೋಗಬಹುದು. ಇವೆರಡೂ ರಾಜ್ಯ ಸರ್ಕಾರದ ಆಸ್ಪತ್ರೆಗಳು. ಅರ್ಬುದದ ಸಂದೇಹವಿದ್ದರೆ ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಸಮಗ್ರ ಚಿಕಿತ್ಸೆ ದೊರೆಯುತ್ತದೆ. 1941ರ ಫೆಬ್ರವರಿ 28ರಂದು ಆರಂಭವಾದ ಈ ಆಸ್ಪತ್ರೆಯ ಆಡಳಿತವನ್ನು 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವಹಿಸಿಕೊಂಡಿತು. 1962ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಗೆ ಸೇರಿತು. ಟರ್ಮಿನಸ್‌ನಿಂದ ಮಧ್ಯ ರೈಲ್ವೆಯ ನಿಧಾನ ಗಾಡಿಯಲ್ಲಿ ಪರೇಲ್ ನಿಲ್ದಾಣಕ್ಕೆ ಹೋಗಿ ಆಸ್ಪತ್ರೆಯನ್ನು ತಲುಪಬಹುದು. ಕರ್ನಾಟಕದಲ್ಲಿ ನೆಲೆಸಿದವರಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆಯ ಸೌಲಭ್ಯವಿದೆ.

2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯವಿದೆ. 14555 ದೂರವಾಣಿ ಸಂಖ್ಯೆಯಲ್ಲಿ ಅರ್ಹತೆಯ ವಿವರ ದೊರೆಯುತ್ತದೆ. ಊರಿನ ವಿಳಾಸದ ಪಡಿತರ ಚೀಟಿ ಮತ್ತು ಗುರುತಿನ ಪತ್ರಗಳ ಪ್ರತಿಗಳನ್ನು ಮುಂಬಯಿಯ ಕೋಣೆಯಲ್ಲಿಯೂ ಇಟ್ಟುಕೊಂಡಿದ್ದರೆ, ಆಪತ್ಕಾಲದಲ್ಲಿ ಓಡಾಟವು ತಪ್ಪುತ್ತದೆ.

ನೆನಪಿಡಬೇಕಾದ ಅಂಶಗಳು

1. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ಅದು ತಾನಾಗಿ ನಿಂತರೂ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು.

2. ಸಿಗರೇಟು, ಬೀಡಿ ಮುಂತಾದ ಎಲ್ಲ ರೂಪದ ತಂಬಾಕನ್ನೂ ತ್ಯಜಿಸಬೇಕು. ಹಲವು ವರ್ಷ ಸೇದಿದವರಿಗೂ ಬಿಡುವುದರಿಂದ ಪ್ರಯೋಜನವಿದೆ. ತಂಬಾಕು ಬಿಡಲು ನೆರವು ಬೇಕಾದವರು 1800-112-356 ಎಂಬ ಶುಲ್ಕರಹಿತ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ಕರೆಮಾಡಬಹುದು.

3. ಬಣ್ಣ ಮತ್ತು ರಾಸಾಯನಿಕಗಳೊಡನೆ ಕೆಲಸ ಮಾಡುವವರು ಕೈಗವಸು ಮುಂತಾದ ರಕ್ಷಣಾ ಸಾಧನಗಳನ್ನು ಬಳಸಬೇಕು. ಊಟಕ್ಕೆ ಮುಂಚೆ ಕೈ ತೊಳೆದು, ಕೆಲಸದ ಬಟ್ಟೆಯನ್ನು ಬದಲಿಸಬೇಕು.

4. ರಕ್ತದೊತ್ತಡ ಮತ್ತು ದೇಹದ ತೂಕವನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕು.

5. ಚಿಕಿತ್ಸೆ ಮುಗಿದ ಮೇಲೆಯೂ ನಿಗದಿತ ದಿನಗಳಂದು ಮರುಪರೀಕ್ಷೆಯನ್ನು ತಪ್ಪಿಸಬಾರದು.

ಒಂದೇ ಕೋಣೆಯಲ್ಲಿ ವಾಸಿಸುವವರು, ಒಂದೇ ಹೋಟೆಲಿನಲ್ಲಿ ದುಡಿಯುವವರು ಪರಸ್ಪರರ ಆರೋಗ್ಯವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಂಕೋಚದಿಂದ ಬಾಯಿಬಿಡದ ಸಂಗಾತಿಗೆ ಧೈರ್ಯ ಹೇಳಿ, ಅರ್ಧ ದಿನದ ರಜೆ ಕೊಡಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದರಿಂದ ಒಂದು ಜೀವವು ಉಳಿಯಬಹುದು. ಮೊದಲ ಹಂತದಲ್ಲಿ ಪತ್ತೆಯಾದ ಮೂತ್ರಪಿಂಡ ಮತ್ತು ಮೂತ್ರಾಶಯದ ಅರ್ಬುದಗಳಿಗೆ ಪರಿಣಾಮಕಾರಿಯಾದ ಚಿಕಿತ್ಸೆಯುಂಟು. ಆ ಚಿಕಿತ್ಸೆಯು ಸಕಾಲದಲ್ಲಿ ದೊರೆಯಬೇಕಾದರೆ ರೋಗಿಯು ವೈದ್ಯರ ಬಳಿಗೆ ಬೇಗನೆ ಹೋಗುವುದು ಅತ್ಯಗತ್ಯ.